ರೊಟ್ಟಿಗಿಂತ ಒಳ್ಳೆಯವನು

ಗುರುಗಳಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಇಂಗ್ಲಿಷೂ ಬರುತ್ತಿರಲಿಲ್ಲ. ಆದರೂ ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಮಾಡಿದ ಅನುವಾದದಲ್ಲಿ ತಪ್ಪು ಹಿಡಿದರು. ಕೊಟ್ರೇಶನಿಗೆ ಮೊದಲು ಸಿಟ್ಟು ಬಂದದ್ದು ಅದಕ್ಕೇ.

ತುಂಗಭದ್ರೆಯ ಆಚೆ ದಡದಲ್ಲಿ ಆ ಆಶ್ರಮ. ನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಹುಣಿಸೆ ಮರ. ಹರಿಗೋಲು ಹತ್ತಿ ಹೊಳೆ ದಾಟಿದರಷ್ಟೇ ದಾರಿ. ಫೋನಿನ ಸಿಗ್ನಲ್ಲು ಹೊಳೆ ದಾಟುತ್ತಿರಲಿಲ್ಲ. ಗುರುಗಳ ಹೆಸರು ಅಡವಯ್ಯ.

ಕೊಟ್ರೇಶ ಅವರ ಶಿಷ್ಯ. ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಓದಿ, ಆರು ವರ್ಷ ಕಂಪನಿಯೊಂದರಲ್ಲಿ ದುಭಾಷಿಯಾಗಿದ್ದು, ಸಾಕಾಗಿ ಇಲ್ಲಿಗೆ ಬಂದವನು. ಆಡು ಮುಟ್ಟದ ಸೊಪ್ಪಿಲ್ಲ, ಇವನು ತಿರುವದ ನಿಘಂಟಿಲ್ಲ. ಅಹಂಕಾರ ಬಿಡಲು ಬಂದಿದ್ದೇನೆ ಎಂದು ಮೊದಲ ದಿನವೇ ಹೇಳಿದ್ದ, ಸ್ವಲ್ಪ ಹೆಮ್ಮೆಯಿಂದಲೇ.

ಅಡುಗೆಮನೆ ನೋಡಿಕೊಳ್ಳುತ್ತಿದ್ದ ಮುದುಕಿ ರೆಮೆದಿಯೊಸ್, ಸ್ಪೇನಿನ ದಕ್ಷಿಣದ ಒಂದು ಹಳ್ಳಿಯವಳು. ಎರಡು ತಿಂಗಳಿಗೆಂದು ಬಂದವಳು ಇಪ್ಪತ್ತೆಂಟು ವರ್ಷ ಉಳಿದಿದ್ದಳು. ಊರವರ ಬಾಯಲ್ಲಿ ಎಂದೋ ರಾಮವ್ವ ಆಗಿದ್ದಳು. ಅವಳ ಕನ್ನಡ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಬಾ, ಕೂಡು, ಉಂಡ್ಯಾ, ಇನ್ನೊಂದು ಹಾಕ್ಲಾ, ಇಷ್ಟರಲ್ಲೇ ಅವಳ ದಿನ ಸಾಗುತ್ತಿತ್ತು.

ಅವಳ ಒಬ್ಬನೇ ಮಗ ಆಂದ್ರೆಸ್ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದ. ಬಂದು ನನ್ನ ಜೊತೆ ಇರು ಎಂದು ಎಷ್ಟೋ ಸಲ ಕರೆದ. ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡ. ಆಗಲೂ ಹೋಗಲಿಲ್ಲ. ಅವನ ಮಗಳು ಟೆಸ್ಸಾಳ ಮುಖವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಆ ಟೆಸ್ಸಾಳಿಂದ ಆಶ್ರಮಕ್ಕೆ ಈಗ ಒಂದು ಮೇಲ್ ಬಂದಿತ್ತು. ಇನ್ನು ಹನ್ನೆರಡು ದಿನಕ್ಕೆ ಹೈದರಾಬಾದಿನಲ್ಲಿ ಗೆಳತಿಯ ಮದುವೆ, ಅದಾದ ಮೇಲೆ ಎರಡು ದಿನ ಬಿಡುವಿದೆ ಎಂದು ಬರೆದಿದ್ದಳು. ಕೊನೆಗೆ ಹೀಗಿತ್ತು: "ನೀವು ನನ್ನ ಅಪ್ಪನ ಅಮ್ಮ. ಅದಕ್ಕಿಂತ ಹೆಚ್ಚಿಗೆ ನನಗೇನೂ ಗೊತ್ತಿಲ್ಲ. ನನಗೆ ನಿಮ್ಮ ಭಾಷೆ ಬಾರದು. ನಾನು ಯಾಕೆ ಬರಬೇಕು, ನೀವೇ ಹೇಳಿ."

ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು. ತಾನು ಹೇಳುತ್ತೇನೆ, ನೀನು ಇಂಗ್ಲಿಷಿನಲ್ಲಿ ಬರೆ ಎಂದು ಕೊಟ್ರೇಶನನ್ನು ಕೇಳಿಕೊಂಡಳು.

ಹೇಳುವುದನ್ನು ಕನ್ನಡದಲ್ಲೇ ಹೇಳು, ನಾವೂ ಕೇಳುತ್ತೇವೆ ಎಂದರು ಗುರುಗಳು. ಅವಳು ತಲೆ ಅಲ್ಲಾಡಿಸಿದಳು.

"ಮಗನ ಮಾತು ಕನ್ನಡದಾಗ ಬರಲ್ಲ," ಎಂದಳು.

ಹುಣಿಸೆ ಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲ ಅದು. ಅವಳು ಮರದಡಿ ಕೂತು ಬೀಜ ಬಿಡಿಸುತ್ತ ತನ್ನ ಭಾಷೆಯಲ್ಲಿ ಹೇಳತೊಡಗಿದಳು. ಕೊಟ್ರೇಶ ಬರೆದುಕೊಂಡ. ಗುರುಗಳು ಎದುರಿಗೆ ಕೂತು ಒಂದು ಅಕ್ಷರ ತಿಳಿಯದೆ ಕೇಳಿದರು.

ಅವಳು ನಕ್ಕಾಗ ಗುರುಗಳು ರಾಶಿಯಿಂದ ಒಂದು ಬೀಜ ಹೆಕ್ಕಿ ಉಡಿಗೆ ಹಾಕಿಕೊಂಡರು. ಅವಳು ಮೂಗು ಒರೆಸಿಕೊಂಡಾಗ ಇನ್ನೊಂದು. ಒಂದು ಕಡೆ ಅವಳ ಕೈಯೂ ನಿಂತಿತು, ಬಾಯಿಯೂ ನಿಂತಿತು, ಹೊಳೆ ನೋಡುತ್ತ ಬಹಳ ಹೊತ್ತು ಕೂತಳು. ಆಗಲೂ ಒಂದು.

ಕೊಟ್ರೇಶ ಅದನ್ನೆಲ್ಲ ಗಮನಿಸಲಿಲ್ಲ. ಸಂಜೆಯೊಳಗೆ ಬರೆದು ಮುಗಿಸಿ, ಹೊಳೆ ದಾಟಿ, ಕಳಿಸಿಯೂ ಬಂದ.

ಮರುದಿನ ಉತ್ತರ ಬಂತು. ಮಾಹಿತಿಗೆ ಧನ್ಯವಾದ, ಈ ಸಲ ಬರಲಾಗುವುದಿಲ್ಲ. ಎರಡೇ ಸಾಲು.

ಅದನ್ನು ಮುದುಕಿಗೆ ಅವಳ ಭಾಷೆಯಲ್ಲಿ ಹೇಳುವಾಗ ಕೊಟ್ರೇಶ ತಲೆ ಎತ್ತಲಿಲ್ಲ. ಅವತ್ತು ಅವಳು ಯಾರನ್ನೂ ಉಂಡ್ಯಾ ಎಂದು ಕೇಳಲಿಲ್ಲ. ಎಲ್ಲರಿಗೂ ಬಡಿಸಿ ಒಳಗೆ ಹೋಗಿ ಮಲಗಿದಳು.

ತನ್ನದೇನೂ ತಪ್ಪಿಲ್ಲ, ಅಜ್ಜಿ ಹೇಳಿದ ವಿಷಯವನ್ನೆಲ್ಲ ಬರೆದಿದ್ದೇನೆ ಎಂದು ಕೊಟ್ರೇಶ ಗುರುಗಳ ಮುಂದೆ ವಾದಿಸಿದ.

"ಓದು," ಎಂದರು ಗುರುಗಳು.

"ಅದು ಇಂಗ್ಲಿಷಿನಾಗೈತೆ ಗುರುಗಳೆ."

"ಇರ್ಲಿ. ಓದು."

ಅವರು ಉಡಿಯಿಂದ ಹುಣಿಸೆ ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಹದಿನಾಲ್ಕಿದ್ದವು. ಕೊಟ್ರೇಶ ಓದಿದ. ಗುರುಗಳು ಅವನ ಮುಖವನ್ನೇ ನೋಡುತ್ತಿದ್ದರು. ಓದಿ ಮುಗಿಯಿತು. ಅಂಗೈಯಲ್ಲಿ ಹದಿನಾಲ್ಕೂ ಹಾಗೇ ಇದ್ದವು.

"ಆಕಿ ಮುಖ ಹದಿನಾಕು ಸಲ ಬದಲಾತು ಕೊಟ್ರೇಶ. ನಿಂದು ಒಂದು ಸಲನೂ ಆಗ್ಲಿಲ್ಲ. ಅದೆಲ್ಲ ಎಲ್ಲಿ ಹಾಕಿದಿ?"

ಕೊಟ್ರೇಶ ಬಿಸಿಯಾದ. ಅವೆಲ್ಲ ಬರಿ ದಿನಬಳಕೆಯ ಮಾತು, ಯಾವ ಮನೆಯಲ್ಲಾದರೂ ಆಡುವಂಥವು, ಅವುಗಳಲ್ಲಿ ವಿಷಯವೇ ಇಲ್ಲ ಎಂದ. ಮೊಮ್ಮಗಳನ್ನು ಅವಳು ನನ್ನ ಆಕಾಶ ಎಂದಿದ್ದಳು. ಇವನು ಡಿಯರ್ ಎಂದು ಬರೆದಿದ್ದ. ಮಗ ರೊಟ್ಟಿಗಿಂತ ಒಳ್ಳೆಯವನು ಎಂದಿದ್ದಳು. ದಯಾವಂತ ಎಂದು ಬರೆದಿದ್ದ. ನಡುವೆ ಮಾತು ಮರೆತು, ನನ್ನ ಸಂತ ಸ್ವರ್ಗಕ್ಕೆ ಹೊರಟುಹೋದ ಎಂದು ನಕ್ಕಿದ್ದಳು. ಅವಳ ಊರಲ್ಲಿ ಮಾತು ಮರೆತವರು ಹಾಗೆ ಅನ್ನುತ್ತಾರಂತೆ. ಅದನ್ನು ಬಿಟ್ಟೇಬಿಟ್ಟಿದ್ದ. ಕಂಪನಿಯಲ್ಲಿ ಕಲಿಸಿದ್ದೇ ಅದು: ವಿಷಯ ದಾಟಿಸು, ಉಳಿದದ್ದು ಬಿಡು.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ," ಎಂದರು ಗುರುಗಳು. "ಪೂಜಾರಿನ್ನ ಇವತ್ತು ನೋಡಿದೆ."

ಕೊಟ್ರೇಶನಿಗೆ ಆ ಮಾತು ನಾಟಿತು. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಈ ಸಲ ಒಂದು ಮಾತನ್ನೂ ಬಿಡಲಿಲ್ಲ. ರೊಟ್ಟಿಯ ಮುಂದೆ ಸ್ಪೇನಿನ ಗೋಧಿಯ ವಿವರ ಬರೆದ, ಸಂತನ ಮುಂದೆ ಸಂತರ ಚರಿತ್ರೆ, ಆಕಾಶದ ಮುಂದೆ ಆ ಪದ ಯಾವ ಹಳೆಯ ಭಾಷೆಯಿಂದ ಬಂತು ಎನ್ನುವುದು. ಒಂದೂವರೆ ಪುಟದ ಓಲೆ ಒಂಬತ್ತು ಪುಟವಾಯಿತು.

ಅದನ್ನು ಹಿಡಿದು ಬಂದಾಗ ಮಧ್ಯಾಹ್ನ ಮೀರಿತ್ತು. ಕೊಟ್ರೇಶ ಬೆಳಗಿನಿಂದ ಉಂಡಿರಲಿಲ್ಲ. ಗುರುಗಳು ಒಂಬತ್ತು ಪುಟವನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು. ಕೂಡು, ಮೊದಲು ಉಣ್ಣು ಎಂದರು.

ಹೆಂಚಿನ ಮೇಲಿಂದ ಜೋಳದ ರೊಟ್ಟಿ ತಾವೇ ತೆಗೆದರು. ತಾಟಿಗೆ ಹಾಕಲಿಲ್ಲ. ಕೈಯಲ್ಲಿ ಹಿಡಿದು ಹೇಳತೊಡಗಿದರು. ಇದು ಬಿಳಿಜೋಳ. ಎರೆ ನೆಲದ್ದು. ಹಿಂಗಾರಿನಲ್ಲಿ ಬಿತ್ತಿದ್ದು. ಬೀಸಿದ್ದು ಆಚೆ ದಡದ ಗಿರಣಿಯಲ್ಲಿ. ನೀರು ಕುದಿಸಿ ಹಿಟ್ಟು ನಾದಬೇಕು. ತಣ್ಣೀರಿನಲ್ಲಿ ನಾದಿದರೆ ಅಂಚು ಸೀಳುತ್ತದೆ. ಯಾಕೆ ಸೀಳುತ್ತದೆ ಎಂದರೆ...

"ಗುರುಗಳೆ, ರೊಟ್ಟಿ ಆರ್ತೈತೆ," ಎಂದ ಕೊಟ್ರೇಶ.

"ಹೌದಲ್ಲ," ಎಂದು ತಾಟಿಗೆ ಹಾಕಿದರು.

ಕೊಟ್ರೇಶ ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗುವ ಮೊದಲೇ ಒಂಬತ್ತು ಪುಟದ ಕಡೆ ನೋಡಿದ. ತಣ್ಣಗಾದ ರೊಟ್ಟಿಯನ್ನು ಉಂಡ. ಆಮೇಲೆ ನಿಜವಾಗಿ ಸೋತ ದನಿಯಲ್ಲಿ ಕೇಳಿದ.

"ಬಿಟ್ರೂ ತಪ್ಪು, ಬಿಡಿಸಿ ಹೇಳಿದ್ರೂ ತಪ್ಪು. ಮತ್ತೆ ಹೆಂಗ ಬರೀಲಿ? ಮದುವಿಗೆ ಇನ್ನು ಎಂಟು ದಿನ ಐತೆ."

"ಮಾತಿನ ಅರ್ಥ ಕೇಳಬ್ಯಾಡ," ಎಂದರು ಗುರುಗಳು. "ಆ ಮಾತನ್ನ ಆಕಿಗೆ ಮೊದಲು ಅಂದವರು ಯಾರು, ಅದನ್ನ ಕೇಳು."

ಕೊಟ್ರೇಶ ನಿಘಂಟು ಕೋಣೆಯಲ್ಲೇ ಬಿಟ್ಟು ಅಡುಗೆಮನೆಗೆ ಹೋದ. ಆದದ್ದಾಯಿತು, ಆ ಹುಡುಗಿಗೆ ಬೇಡವಾದರೆ ಬೇಡ ಎಂದಳು ಮುದುಕಿ. ಅವನು ಕ್ಷಮೆ ಕೇಳಿದ. ನಿಮ್ಮ ಮಾತನ್ನು ನಾನು ಕಳಿಸಲೇ ಇಲ್ಲ ಅಜ್ಜಿ, ನನ್ನದನ್ನು ಕಳಿಸಿದೆ ಎಂದ. ಅವಳು ಅವನ ಕೈಗೆ ಒಂದು ಹಿಡಿ ಹುಣಿಸೆ ಹಣ್ಣು ಕೊಟ್ಟು ಬೀಜ ಬಿಡಿಸಲು ಹಚ್ಚಿದಳು.

ಎರಡು ಮಧ್ಯಾಹ್ನ ಇಬ್ಬರೂ ಮರದಡಿ ಕೂತರು. ಅವನು ಕೇಳಿದ, ಅವಳು ಹೇಳಿದಳು. ಬರೆದುಕೊಳ್ಳುವುದನ್ನು ಅವನು ಅರ್ಧಕ್ಕೇ ಬಿಟ್ಟ.

ಮೂರನೆಯ ದಿನ ಗುರುಗಳು ಬೀಜಗಳನ್ನು ಹಿಡಿದು ಕೂತರು. ಕೊಟ್ರೇಶ ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಕೇಳದಿದ್ದರೂ ಕನ್ನಡದಲ್ಲಿ ಹೇಳುತ್ತ ಹೋದ.

"ಮಿ ಸಿಯೆಲೊ. ಅಂದರೆ ನನ್ನ ಆಕಾಶ. ನನ್ನ ಅಜ್ಜಿ ನನ್ನನ್ನು ಹೀಗೆ ಕರೆದಳು, ನಾನು ನಿನ್ನ ಅಪ್ಪನನ್ನು ಹೀಗೆ ಕರೆದೆ. ಈಗ ಕರೆಯಲು ನೀನೊಬ್ಬಳೇ ಉಳಿದಿದ್ದೀಯ.

"ನಿನ್ನ ಅಪ್ಪ ರೊಟ್ಟಿಗಿಂತ ಒಳ್ಳೆಯವನು. ಈ ಮಾತನ್ನು ನನ್ನ ಅವ್ವ ನನ್ನ ಅಪ್ಪನಿಗೆ ಅಂದದ್ದು ಕೇಳಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಇರಲಿಲ್ಲ, ಅಪ್ಪ ತನ್ನ ಪಾಲನ್ನು ನಮಗೆ ಹಂಚಿ ನೀರು ಕುಡಿದು ಕೆಲಸಕ್ಕೆ ಹೋಗುತ್ತಿದ್ದ.

"ಏನೋ ಹೇಳಬೇಕೆಂದಿದ್ದೆ. ನನ್ನ ಸಂತ ಸ್ವರ್ಗಕ್ಕೆ ಹೊರಟುಹೋದ. ನನ್ನ ಅಕ್ಕ ಮಾತು ಮರೆತಾಗಲೆಲ್ಲ ಹೀಗೆ ಹೇಳಿ ಮೇಲೆ ನೋಡುತ್ತಿದ್ದಳು, ನಾವೂ ನೋಡುತ್ತಿದ್ದೆವು. ತಾಳು, ಬರುತ್ತಾನೆ."

ಗುರುಗಳು ಒಂದೊಂದೇ ಬೀಜ ಕೆಳಗಿಡುತ್ತಿದ್ದರು. ಸಂತನ ಸಾಲಿಗೆ ಅವರೂ ಒಮ್ಮೆ ಮೇಲೆ ನೋಡಿದರು. ಕೊಟ್ರೇಶ ಒಂದೆರಡು ಕಡೆ ತಡೆದು ತಡೆದು ಓದಿದ. ಕೊನೆಯ ಭಾಗಕ್ಕೆ ಬಂದ.

"ಅವನು ಕರೆದಾಗ ನಾನು ಬರಲಿಲ್ಲ. ಅವನು ಹೋದಾಗಲೂ ಬರಲಿಲ್ಲ." ಅದರ ಕೆಳಗೆ ಕೊಟ್ರೇಶ ತನ್ನ ಕಡೆಯಿಂದ ಒಂದೇ ಸಾಲು ಸೇರಿಸಿದ್ದ: ಇಲ್ಲಿ ನಿಮ್ಮ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು.

ಹದಿಮೂರು ಬೀಜ ನೆಲದಲ್ಲಿದ್ದವು. ಒಂದು ಗುರುಗಳ ಕೈಯಲ್ಲೇ ಉಳಿಯಿತು.

"ಅದೊಂದು?" ಎಂದು ಕೇಳಿದ ಕೊಟ್ರೇಶ. ಇನ್ನೊಂದು ಸಲ ತಿದ್ದಿ ತರಲು ಎದ್ದೂ ನಿಂತ.

"ಇದು ಆಕಿ ಹೊಳಿ ನೋಡಿದ್ದು. ನಿನ್ನ ಕೈಲಿ ಇಳಿಯೋದಲ್ಲಪ. ಹೊಳೆ ದಾಟು, ಕಳಿಸು."

ಕಳಿಸಿದ. ಮರುದಿನ ಹೊಳೆ ದಾಟಿ ನೋಡಿದ, ಉತ್ತರವಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನವಂತೂ ಎರಡು ಸಲ ಹೋಗಿಬಂದ. ಹರಿಗೋಲಿನವನು, ಏನು ಸ್ವಾಮಿ, ಆಚೆ ದಡದಲ್ಲಿ ಹೆಣ್ಣು ನೋಡಿದ್ದೀರಾ ಎಂದು ಕೇಳಿದ. ಮುದುಕಿ ಮಾತ್ರ ಏನೂ ಕೇಳಲಿಲ್ಲ. ಇವನು ಬರುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬೇಳೆ ಆರಿಸುತ್ತ ಕೂತಿರುತ್ತಿದ್ದಳು, ಅಷ್ಟೆ.

ಮದುವೆಯ ಹಿಂದಿನ ದಿನ ಉತ್ತರ ಬಂತು.

ಮಿ ಸಿಯೆಲೊ, ಆ ಎರಡು ಶಬ್ದ ನನಗೆ ಗೊತ್ತು ಎಂದು ಟೆಸ್ಸಾ ಬರೆದಿದ್ದಳು. ಅಪ್ಪ ದಿನಾ ಬೆಳಿಗ್ಗೆ ಅದನ್ನೇ ಹೇಳಿ ನನ್ನನ್ನು ಎಬ್ಬಿಸುತ್ತಿದ್ದರು. ಅವರೇ ಕಟ್ಟಿದ ಮುದ್ದಿನ ಹೆಸರೆಂದು ತಿಳಿದಿದ್ದೆ, ಅರ್ಥ ಕೇಳಿರಲಿಲ್ಲ. ಅವರು ಹೋದ ಮೇಲೆ ಯಾರ ಬಾಯಿಂದಲೂ ಕೇಳಿಲ್ಲ. ನಾಡಿದ್ದು ಬರುತ್ತೇನೆ.

ಕೊಟ್ರೇಶ ಅದನ್ನು ಓದಿ ಹೇಳಿದಾಗ ಮುದುಕಿ ಎದ್ದು ಹೋಗಿ, ಆಗಲೇ ತೊಳೆದಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು.

ಟೆಸ್ಸಾ ಬಂದ ದಿನ ಹೊಳೆಯಲ್ಲಿ ನೀರು ಕಡಿಮೆಯಿತ್ತು. ಹರಿಗೋಲು ದಡ ಮುಟ್ಟುವ ಮೊದಲೇ ಅವಳು ಇಳಿದಳು, ಬೂಟು ನೆನೆಯಿತು. ಇಪ್ಪತ್ತನಾಲ್ಕರ ಹುಡುಗಿ. ಮುದುಕಿ ಕೈಯ ಹಿಟ್ಟನ್ನೂ ತೊಳೆಯದೆ ದಡಕ್ಕೆ ಬಂದಿದ್ದಳು. ಕೊಟ್ರೇಶ ನಡುವೆ ನಿಂತುಕೊಂಡ. ಎರಡು ಭಾಷೆಯನ್ನೂ ನಾಲಿಗೆಯ ತುದಿಗೆ ತಂದುಕೊಂಡಿದ್ದ.

"ಮಿ ಸಿಯೆಲೊ," ಎಂದಳು ಹುಡುಗಿ. ಉಚ್ಚಾರ ತಪ್ಪಿತ್ತು.

ಮುದುಕಿಯ ಬಾಯಿ ತೆರೆಯಿತು. ಹೇಳಬೇಕೆಂದು ಎಂಟು ದಿನದಿಂದ ಕಟ್ಟಿಟ್ಟುಕೊಂಡಿದ್ದ ಸ್ಪ್ಯಾನಿಷ್ ಒಂದೂ ಬರಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸವೇ ಬಂತು.

"ಬಾ," ಎಂದಳು ಕನ್ನಡದಲ್ಲಿ. "ಕೂಡು. ಉಂಡ್ಯಾ?"

ಕೊಟ್ರೇಶ ಅನುವಾದಿಸಲು ಮುಂದೆ ಹೆಜ್ಜೆ ಇಟ್ಟ. ಗುರುಗಳು ಹಿಂದಿನಿಂದ ಅವನ ಅಂಗಿ ಹಿಡಿದರು.

ಹುಡುಗಿ ಆ ಮುಖವನ್ನು ನೋಡಿದಳು. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಮುದುಕಿ ಇನ್ನೇನೋ ಹೇಳಹೊರಟಳು, ಮಗನ ಹೆಸರು ಹೇಳಿದಳು, ಅಲ್ಲಿಗೆ ನಿಂತಳು. ಹೊಳೆಯ ಕಡೆ ನೋಡಿದಳು. ಹುಡುಗಿ ಹತ್ತಿರ ಬಂದು ಆ ಹಿಟ್ಟಿನ ಕೈ ಎರಡನ್ನೂ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಇಬ್ಬರೂ ಹಾಗೇ ನಿಂತರು.

ಕೊಟ್ರೇಶ ಪಿಸುದನಿಯಲ್ಲಿ ಕೇಳಿದ. "ಗುರುಗಳೆ, ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ. ನಾನು ಏನೂ ಹೇಳ್ಲೇಬಾರದಾ?"

ಗುರುಗಳು ಉಡಿಯಿಂದ ಆ ಒಂದು ಬೀಜ ತೆಗೆದು ಅವನ ಅಂಗೈಯಲ್ಲಿಟ್ಟರು.

"ಇದೂ ಇಳೀತು, ತಗೊ. ಹೋಗಿ ಒಲೆ ಹಚ್ಚು, ಕೂಸು ಉಂಡಿಲ್ಲ."