ದೊರೆಸಾನಿ ಕಟ್ಟೆ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಗಾಜಿನ ಕಚೇರಿಯೊಂದರ ಹಳೆಯ ಕಬ್ಬಿಣದ ಗೇಟಿನೆದುರು, ಮರ ಯಾವಾಗಲೋ ಉರುಳಿಹೋಗಿ ಬರೀ ಕಲ್ಲಾಗಿ ಉಳಿದ ಕಟ್ಟೆಯೊಂದಿದೆ. ಹೆಸರು ದೊರೆಸಾನಿ ಕಟ್ಟೆ. ಆಂಗ್ಲ ಮಹಿಳೆಯೊಬ್ಬಳು ಇಲ್ಲಿ ಗಾಳಿಸೇವನೆಗೆ ಕೂರುತ್ತಿದ್ದಳೆಂದು ಫಲಕ ಹೇಳುತ್ತದೆ. ಬಿಳಿಯರೆಂದರೆ ಫಲಕಗಳಿಗೆ ಅದೇನು ಅಕ್ಕರೆಯೋ. ಓಣಿಯ ಹಿರಿಯ ಹೆಂಗಸರು ಮಾತ್ರ, ಅಲ್ಲಿ ಕೂತಿದ್ದವಳು ಮುನಿತಾಯಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಪೇಟೆಗೂ ದಂಡಿಗೂ ನಡುವೆ ಬಯಲಿದ್ದ ಕಾಲದಲ್ಲಿ, ಪೇಟೆಯ ಮುನಿತಾಯಿ ದಂಡಿನ ದೊರೆಯೊಬ್ಬನ ಬಂಗಲೆಯಲ್ಲಿ ಕೆಲಸಕ್ಕಿದ್ದಳು. ಅವನಿಂದ ಅವಳಿಗೊಂದು ಹೆಣ್ಣುಕೂಸಾಯಿತು. ಕೆಂಪಿ ಎಂದು ಕರೆದಳು. ದೊರೆಗೆ ಕಡಲಾಚೆಯ ಸೀಮೆಯಿಂದ ಹೆಂಡತಿ ಬರುವ ಸುದ್ದಿ ಬಂದದ್ದೇ, ಐದು ವರ್ಷದ ಕೆಂಪಿ ಈ ಗೇಟಿನೊಳಗಿದ್ದ ಶಾಲೆ ಸೇರಿ ಆಗ್ನೆಸ್ ಆದಳು. ಬಿಳಿ ತಂದೆಯ ಮಕ್ಕಳನ್ನು ಬಿಳಿಯರಂತೆ ಬೆಳೆಸುವ ಶಾಲೆ ಅದು. ಭಾನುವಾರ ಹಳೆಯ ಆಯಾ ಬಂದು ನೋಡಬಹುದಿತ್ತು, ಕರಿಯ ತಾಯಿ ನೋಡುವಂತಿರಲಿಲ್ಲ; ತಾಯಿಯನ್ನು ಕಂಡರೆ ಮಕ್ಕಳು ಮತ್ತೆ ಕನ್ನಡಕ್ಕೆ ಜಾರುತ್ತಾರಂತೆ. ಮುನಿತಾಯಿ ಆಯಾ ಎಂದು ಹೆಸರು ಬರೆಸಿ, ಭಾನುವಾರಗಳಂದು ಗೇಟಿನೆದುರಿನ ಕಟ್ಟೆಯ ಮೇಲೆ ಕಾದು ಕೂರತೊಡಗಿದಳು. ಹೆತ್ತ ಮಗಳನ್ನು ದೊರೆಸಾನಿ ಎಂದು ಕರೆದು ಬಹುವಚನದಲ್ಲಿ ಮಾತಾಡಿಸಲು ಕಲಿತಳು.

ಗೇಟಿನ ಕಾವಲಿನ ಚೌಡಪ್ಪನಿಗೆ ಎಲ್ಲ ಗೊತ್ತಿತ್ತು; ಆದರೂ ಕೇಳುತ್ತಿದ್ದ.

“ಯಾರಿಗೆ ಕಾಯ್ತಿದ್ದೀಯವ್ವಾ?”

“ದೊರೆಸಾನಿಗೆ ಕಣಣ್ಣಾ.”

“ದೊರೆಸಾನಿ ಮೂಗು ನೋಡಿದರೆ ಪೇಟೆಯದು.”

“ಮೂಗು ಪೇಟೆಯದೇ. ನೆಗಡಿ ಮಾತ್ರ ಸೀಮೆಯದು.”

ಒಂದು ಭಾನುವಾರ, ಜ್ವರದಿಂದ ಆಗತಾನೆ ಎದ್ದಿದ್ದ ಹುಡುಗಿ ಮೇಲ್ವಿಚಾರಕಿಯ ಕಣ್ಣೆದುರೇ “ಅವ್ವಾ” ಎಂದು ಓಡಿಬಂದು ತಬ್ಬಿಕೊಂಡಳು. ಆ ಮಾತಿನ ಅರ್ಥವೇನೆಂದು ಬಿಳಿಯಾಕೆ ಚೌಡಪ್ಪನನ್ನು ಕೇಳಿದಳು. ಅವನು ನಿಜ ಹೇಳಿದರೆ ಭಾನುವಾರಗಳು ಅಲ್ಲಿಗೆ ಮುಗಿದಂತೆ. ಅವನು ಬಾಯಿ ತೆರೆಯುವ ಮೊದಲೇ ಮುನಿತಾಯಿ ತನ್ನ ಕುತ್ತಿಗೆಯಿಂದ ಮಗಳ ಕೈ ಬಿಡಿಸಿದಳು.

“ನಾನು ಅವ್ವ ಅಲ್ಲ ದೊರೆಸಾನಿ, ನಿಮ್ಮ ಆಯಾ. ಜ್ವರದಲ್ಲಿ ಮರೆತುಬಿಟ್ಟಿದ್ದೀರಿ.”

ಚೌಡಪ್ಪ ಬಿಳಿಯಾಕೆಗೆ ಅದನ್ನೇ ಅರ್ಥ ಮಾಡಿ ಹೇಳಿದ. ಭಾನುವಾರಗಳು ಉಳಿದವು. ಮುಂದಿನ ವಾರ ಹುಡುಗಿ ನಡೆದುಕೊಂಡೇ ಬಂದು, ಮಾರು ದೂರದಲ್ಲಿ ನಿಂತು, “ಆಯಾ, ಬಂದೆಯಾ?” ಎಂದಳು. ಆಗ ಹತ್ತಿರ ಯಾರೂ ಇರಲಿಲ್ಲ. ಮಗಳ ಕಣ್ಣಿನಲ್ಲಿ ಎಲ್ಲಾದರೂ ತುಂಟತನವಿದೆಯೇ ಎಂದು ಮುನಿತಾಯಿ ಹುಡುಕಿದಳು. ಇರಲಿಲ್ಲ. ಮಗು ನಂಬಿಬಿಟ್ಟಿತ್ತು.

ಆಗ್ನೆಸ್ ದೊಡ್ಡವಳಾಗಿ ಹಡಗು ಹತ್ತಿದ ಮೇಲೂ ಮುನಿತಾಯಿ ಬರುವುದನ್ನು ಬಿಡಲಿಲ್ಲವಂತೆ. ಹಾದುಹೋಗುವವರು ಕೇಳಿದರೆ ಅದೇ ಉತ್ತರ, ದೊರೆಸಾನಿಗೆ ಕಾಯ್ತಿದ್ದೀನಿ. ಹೆಸರು ಕಟ್ಟೆಗೆ ಅಂಟಿಕೊಂಡಿತು.

ಈಗಲೂ ಹೋದವರು ನೋಡಬಹುದು. ಹತ್ತು ಜನ ಹಿಡಿಸುವ ಕಟ್ಟೆ ಅದು. ಗೇಟಿಗೆ ಮುಖ ಮಾಡಿದ ಅಂಚಿನಲ್ಲಿ, ಒಬ್ಬರು ಕೂರುವಷ್ಟು ಕಲ್ಲು ಮಾತ್ರ ಸವೆದು ನುಣುಪಾಗಿದೆ.