ಕೊನೆಯ ಓವರ್ ಯಾರಿಗೆ

“ಮೇಷ್ಟ್ರೇ, ಕೊನೆಯ ಓವರ್ ಯಾರ ಕೈಗೆ ಕೊಡಬೇಕು?” ಎಂದು ಲೋಹಿತ್ ಕೇಳಿದ.

ಮರುದಿನ ಇಪ್ಪತ್ತು ಓವರ್‌ಗಳ ಪಂದ್ಯಾವಳಿಯ ಫೈನಲ್. ಅವನು ಮೊದಲ ಸಲ ತಂಡದ ನಾಯಕನಾಗಿದ್ದ. ಕೇಳಿದ್ದು ತನಗೆ ಆಟ ಕಲಿಸಿದ ಜವರಪ್ಪ ಮೇಷ್ಟ್ರನ್ನು. ಮೇಷ್ಟ್ರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದನ್ನು ಯಾರೂ ಕಂಡವರಿಲ್ಲ. ಅಂದೂ ಕತೆಯನ್ನೇ ಶುರುಮಾಡಿದರು.

ಒಬ್ಬ ನಾಯಕನಿದ್ದ. ಅವನ ತಂಡದಲ್ಲಿ ಒಬ್ಬ ವೇಗದ ಬೌಲರ್ ಇದ್ದ. ಆ ವೇಗಿ ಓಡಿ ಬಂದರೆ ಎದುರಿಗಿದ್ದವನ ಕಾಲು ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಆದರೆ ಇಪ್ಪತ್ತು ಓವರ್‌ಗಳ ಆಟದಲ್ಲಿ ಒಬ್ಬನಿಗೆ ನಾಲ್ಕೇ ಓವರ್. ಮೂರನ್ನು ಮುಗಿಸಿ, ನಾಲ್ಕನೆಯದನ್ನು ನಾಯಕ ಕೊನೆಗೆಂದು ಜೋಪಾನವಾಗಿ ಎತ್ತಿಡುತ್ತಿದ್ದ. ಎಲ್ಲ ನಾಯಕರೂ ಮಾಡುವುದು ಅದನ್ನೇ. ಹಾಗೆ ಮಾಡಿದವನನ್ನು ಯಾರೂ ಪ್ರಶ್ನಿಸುವುದಿಲ್ಲ.

ಒಂದು ವರ್ಷ ಸೆಮಿಫೈನಲ್‌ನಲ್ಲಿ ಎದುರಾಳಿಗಳಿಗೆ ಎರಡು ಓವರ್‌ಗಳಲ್ಲಿ ಹದಿನೆಂಟು ರನ್ ಬೇಕಿತ್ತು. ನಾಯಕ ಹತ್ತೊಂಬತ್ತನೆಯ ಓವರನ್ನು ಸ್ಪಿನ್ನರ್‌ಗೆ ಕೊಟ್ಟ. ಐದೇ ಎಸೆತಕ್ಕೆ ಆಟ ಮುಗಿದುಹೋಯಿತು. ಎತ್ತಿಟ್ಟ ಓವರ್ ಎತ್ತಿಟ್ಟಲ್ಲೇ ಉಳಿಯಿತು. ತಮಾಷೆಯೆಂದರೆ, ನಾಯಕನನ್ನು ಒಬ್ಬರೂ ಬೈಯಲಿಲ್ಲ. ಪಾಪ, ಅವನು ಸರಿಯಾಗಿಯೇ ಯೋಚಿಸಿದ್ದ, ಆ ಸ್ಪಿನ್ನರ್ ಎಲ್ಲ ಕೆಡಿಸಿದ ಎಂದರು. ನಾಯಕನೂ ಹೌದೆಂಬಂತೆ ತಲೆಯಾಡಿಸಿದ. ಸ್ಪಿನ್ನರ್ ಅದನ್ನು ನೋಡಿದ. ಕಿಟ್ ಹೆಗಲಿಗೇರಿಸಿಕೊಂಡು ಒಬ್ಬನೇ ಬಸ್ ಹತ್ತಿ ಹೋದ.

ಅಂದಿನಿಂದ ನಾಯಕನಿಗೆ ಸಮಾಧಾನವಿರಲಿಲ್ಲ. ಸೋತದ್ದಕ್ಕಿಂತ ಹೆಚ್ಚಾಗಿ, ಅಂದು ತಲೆಯಾಡಿಸಿದ್ದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಮರುವರ್ಷ ಅದೇ ತಂಡ ಫೈನಲ್ ತಲುಪಿತು. ಈ ಸಲ ಸೋತರೆ ಬೇರೆ ನಾಯಕನನ್ನು ನೋಡಿಕೊಳ್ಳುತ್ತೇವೆ ಎಂದು ಆಯ್ಕೆಗಾರರು ಮೊದಲೇ ಹೇಳಿಬಿಟ್ಟಿದ್ದರು. ಹದಿನೇಳು ಓವರ್ ಮುಗಿದವು. ಮೂರು ಓವರ್‌ಗಳಲ್ಲಿ ಮೂವತ್ತನಾಲ್ಕು ರನ್ ಬೇಕು. ಇಬ್ಬರು ಬ್ಯಾಟ್ಸ್‌ಮನ್‌ಗಳೂ ಬೇರೂರಿ ನಿಂತಿದ್ದಾರೆ. ಒಬ್ಬನಂತೂ ಚೆಂಡನ್ನು ಮೈದಾನದೊಳಗೆ ಬೀಳಿಸುವ ಮನಸ್ಸೇ ಇಲ್ಲದವನಂತೆ ಬಾರಿಸುತ್ತಿದ್ದಾನೆ. ವೇಗಿಗೆ ಉಳಿದಿರುವುದು ಒಂದೇ ಓವರ್.

ನಾಯಕ ಲೆಕ್ಕ ಹಾಕಿದ. ಈ ಬಾರಿಸುವವನು ಇನ್ನೆರಡು ಓವರ್ ನಿಂತರೆ ಇಪ್ಪತ್ತನೆಯ ಓವರ್ ಎಂಬುದೇ ಇರುವುದಿಲ್ಲ! ಅವನು ಚೆಂಡನ್ನು ವೇಗಿಯ ಕೈಗೆ ಎಸೆದ.

ವಿಕೆಟ್ ಕೀಪರ್ ಓಡಿ ಬಂದ. “ಏನಣ್ಣಾ, ತಲೆ ಕೆಟ್ಟಿದೆಯಾ? ಇವನ ಓವರನ್ನ ಈಗಲೇ ಮುಗಿಸಿದ್ರೆ ಕೊನೆಗೆ ಯಾರು ಹಾಕ್ತಾರೆ?”

“ಮೊದಲು ಕೊನೆ ಅನ್ನೋದು ಬರಲಿ ಬಿಡೋ!” ಎಂದ ನಾಯಕ.

ಮೂರನೆಯ ಎಸೆತ ನೇರವಾಗಿ ವಿಕೆಟ್‌ನ ಬುಡಕ್ಕೆ ಬಿತ್ತು. ಬಾರಿಸುತ್ತಿದ್ದವನು ಬ್ಯಾಟ್ ಇಳಿಸುವ ಹೊತ್ತಿಗೆ ನಡುವಿನ ವಿಕೆಟ್ ಹಾರಿ ಬಿದ್ದಿತ್ತು. ಆ ಓವರಿನಲ್ಲಿ ಬಂದದ್ದು ನಾಲ್ಕೇ ರನ್. ಆದರೆ ಮುಂದಿನ ಓವರಿನಲ್ಲಿ ಉಳಿದ ಬ್ಯಾಟ್ಸ್‌ಮನ್ ಸೇಡು ತೀರಿಸಿಕೊಂಡ. ಹದಿನೆಂಟು ರನ್ ಹೋದವು. ಕೊನೆಯ ಓವರಿಗೆ ಬೇಕಿದ್ದದ್ದು ಹನ್ನೆರಡು. ಬೌಲರ್‌ಗಳಲ್ಲಿ ಓವರ್ ಉಳಿದಿದ್ದವನು ಒಬ್ಬನೇ, ಅದೇ ಸ್ಪಿನ್ನರ್.

ಅವನು ಚೆಂಡಿಗೆ ಕೈಯೊಡ್ಡಲಿಲ್ಲ. “ಬೇಡಣ್ಣಾ. ಹೋದ ವರ್ಷ ನನ್ನಿಂದಲೇ ಹೋಯ್ತು ಅಂತ ಎಲ್ಲರೂ ಅಂದ್ರು. ನೀನೂ ತಲೆಯಾಡಿಸಿದೆ.”

“ಅವತ್ತು ತಪ್ಪು ನಂದು ಕಣೋ. ಹೇಳೋಕೆ ಬಾಯಿ ಬರಲಿಲ್ಲ. ಇವತ್ತು ಸೋತ್ರೆ ಎಲ್ಲರ ಮುಂದೆ ನಾನೇ ಹೇಳ್ತೀನಿ. ಈಗ ಫೀಲ್ಡ್ ಎಲ್ಲೆಲ್ಲಿ ಬೇಕು, ಅದನ್ನ ಹೇಳು.”

ಸ್ಪಿನ್ನರ್ ಚೆಂಡು ತೆಗೆದುಕೊಂಡ. ಆಮೇಲೆ ಬೌಂಡರಿ ದೂರವಿದ್ದ ಕಡೆಗೆ ಕೈ ತೋರಿಸಿದ. “ಅಲ್ಲಿಗೇ ಹೊಡೆಸ್ತೀನಿ. ಕೈ ಗಟ್ಟಿ ಇರೋರು ನಿಂತ್ಕೊಳ್ಳಲಿ.” ಆ ಜಾಗಕ್ಕೆ ನಾಯಕ ತಾನೇ ಓಡಿದ.

ಮೊದಲ ಎಸೆತ, ಒಂದು ರನ್. ಎರಡನೆಯದು ಬ್ಯಾಟಿಗೆ ಸಿಗಲಿಲ್ಲ. ಮೂರನೆಯದು ಸಿಕ್ಸರ್! ಮೈದಾನಕ್ಕೆ ಮೈದಾನವೇ ಎದ್ದು ಕೂಗಿತು. ನಾಯಕ ದೂರದಿಂದಲೇ ಸ್ಪಿನ್ನರ್‌ಗೆ ಚಪ್ಪಾಳೆ ತಟ್ಟಿದ. ನಾಲ್ಕನೆಯದಕ್ಕೆ ಎರಡು ರನ್. ಐದನೆಯದು ಮತ್ತೆ ಖಾಲಿ. ಒಂದು ಎಸೆತ, ಮೂರು ರನ್.

ಸ್ಪಿನ್ನರ್ ಚೆಂಡನ್ನು ಇನ್ನಷ್ಟು ಮೇಲಕ್ಕೆ ತೇಲಿಸಿದ. ಬ್ಯಾಟ್ಸ್‌ಮನ್ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದ. ಚೆಂಡು ಎತ್ತರಕ್ಕೆ ಏರಿ, ಹೇಳಿದ ಕಡೆಗೇ ಬಂತು. ನಾಯಕ ಹಿಂದೆ ಹಿಂದೆ ಓಡಿದ. ಇನ್ನೊಂದು ಹೆಜ್ಜೆ ಇಟ್ಟರೆ ಗೆರೆ. ಚೆಂಡು ಎರಡೂ ಕೈಗಳ ನಡುವೆ ಬಿತ್ತು. ಅವನು ಅದನ್ನು ಎದೆಗೆ ಅವುಚಿಕೊಂಡು ಅಲ್ಲೇ ಕುಸಿದು ಕೂತ. ಎಲ್ಲರೂ ಅವನ ಕಡೆಗೆ ಓಡಿ ಬಂದರು. ಅವನು ಎದ್ದು, ಅವರನ್ನೆಲ್ಲ ದಾಟಿಕೊಂಡು, ಸ್ಪಿನ್ನರ್‌ನ ಕಡೆಗೆ ಓಡಿದ.

ಮೇಷ್ಟ್ರು ಕತೆ ನಿಲ್ಲಿಸಿದರು. ಲೋಹಿತನಿಗೆ ಕೂತಲ್ಲಿ ಕೂರಲಾಗಲಿಲ್ಲ. ತಾನೇ ಆ ಕ್ಯಾಚ್ ಹಿಡಿದವನಂತೆ ಎದ್ದು ನಿಂತ.

“ಗೊತ್ತಾಯ್ತು ಮೇಷ್ಟ್ರೇ! ನಾಳೆ ನಮ್ಮ ವೇಗಿಯನ್ನ ಹದಿನೆಂಟನೇ ಓವರಿಗೇ ಕರೀತೀನಿ. ಆಯ್ಕೆಗಾರರು ಯಾಕೆ ಅಂತ ಕೇಳಿದ್ರೆ, ಜವರಪ್ಪ ಮೇಷ್ಟ್ರೇ ಹೇಳಿದ್ದು ಅಂತೀನಿ.”

ಮೇಷ್ಟ್ರು ಹೇಳಿದರು: “ಹಾಗಾದರೆ ನಾಳೆ ನಾಯಕನಾಗಿ ಟಾಸ್‌ಗೂ ನಾನೇ ಹೋಗಬೇಕಾಗುತ್ತದೆ.”

ಲೋಹಿತ್ ನಿಂತವನು ಹಾಗೆಯೇ ಕೂತ.