ಬಂದ ಕಾರಣ

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಮಾತು ತೊದಲುವವರಿಗೆ ಅಲ್ಲಿ ಪಾಠ ನಡೆಯುತ್ತಿತ್ತು. ಪಾಠ ಹೇಳುವವರು ಶಂಭುಲಿಂಗ ಅಜ್ಜಾರು. ಒಂದು ಕಾಲಕ್ಕೆ ಅವರೂ ತೊದಲಿದವರೇ.

ಅವರ ಶಿಷ್ಯ ಚನ್ನವೀರ. ಅಲ್ಲಿಗೆ ಬಂದು ಮಾತು ಕಲಿತವನು, ಕಲಿತ ಮೇಲೂ ಹೋಗದೆ ಉಳಿದವನು.

ಆ ವರ್ಷ ಯುಗಾದಿಯಿಂದ ಪಾಠಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ.

ಒಂದು ಬೆಳಿಗ್ಗೆ ಅಜ್ಜಾರು ಹೇಳಿದರು: "ಕಾರ ಹುಣ್ಣಿಮಿ ತನಕ ನೋಡೂನು. ಯಾರೂ ಬರಲಿಲ್ಲಂದ್ರ ಪಾಠ ನಿಲ್ಲಸೂನು. ಖಾಲಿ ಗ್ವಾಡಿಗೆ ಎಷ್ಟಂತ ಕಲಸೂದು?"

ಚನ್ನವೀರನಿಗೆ ಬಾಯಿ ಕೊಟ್ಟ ಜಾಗ ಅದು. ಅದರ ಬಾಗಿಲು ಮುಚ್ಚುವುದನ್ನು ನೆನೆಸಿಕೊಳ್ಳಲೂ ಅವನಿಂದ ಆಗಲಿಲ್ಲ.

"ಅಜ್ಜಾರ, ಈಗಿನ ಮಂದಿ ಏನಿದ್ರೂ ಫೋನಿನಾಗ ಹುಡುಕ್ತಾರ್ರಿ. ನಮ್ಮದೂ ಒಂದು ವೆಬ್‌ಸೈಟ್ ಮಾಡ್ತೀನಿ."

"ಮಾಡು."

ಮಾಡಿದ. ಮೂರು ದಿನ ನಿಘಂಟು ಮುಂದಿಟ್ಟುಕೊಂಡು ಪದ ಆರಿಸಿದ. 'ತೊದಲು' ಎಂಬ ಪದ ಎಲ್ಲೂ ನುಸುಳದಂತೆ ನೋಡಿಕೊಂಡ. ಅದನ್ನು ಕಂಡರೇ ಅವನಿಗಾಗುತ್ತಿರಲಿಲ್ಲ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 'ವಾಕ್‌ಶುದ್ಧಿ ಮತ್ತು ಸ್ವರಸಾಧನೆಯ ದಿವ್ಯ ಪಥ' ಎಂದು ಬರೆದು, ತನ್ನ ಬೆನ್ನು ತಾನೇ ತಟ್ಟಿಕೊಂಡ.

ತಿಂಗಳಾಯಿತು. ಪುಟವನ್ನು ತೆರೆದು ನೋಡಿದ್ದು ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ಅವನೇ.

ಫೋನು ಒಂದೇ ಒಂದು ಬಂತು. ಹುಬ್ಬಳ್ಳಿಯಿಂದ ಯಾರೋ, ಹಾರ್ಮೋನಿಯಂ ಕಲಿಸುತ್ತೀರಾ ಎಂದು ಕೇಳಿದರು.

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚನ್ನವೀರನಿಗೆ ಅಳುವೇ ಬಂತು.

"ನಗಬ್ಯಾಡ್ರಿ ಅಜ್ಜಾರ. ಹುಣ್ಣಿಮಿಗೆ ಇನ್ನ ಹನ್ನೆರಡು ದಿನ ಅಷ್ಟ ಐತ್ರಿ."

"ಅಲ್ಲೋ, ಹುಡುಕೋರು ಏನಂತ ಬರದು ಹುಡುಕ್ತಾರ?"

"ತಮಗೇನ ಬೇಕೋ ಅದನ್ನ ಬರದು."

"ಯಾರ ಮಾತಿನಾಗ?"



ಅಜ್ಜಾರು ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಹಳೆಯ ಪುಸ್ತಕವೊಂದನ್ನು ತಂದರು. ಪಾಠಕ್ಕೆ ಬಂದವರ ಹೆಸರು, ಊರು, ಬಂದ ಕಾರಣ ಅದರಲ್ಲಿದ್ದವು. ಬಂದವರು ಬಾಯಿ ಬಿಟ್ಟು ಏನು ಹೇಳಿದರೋ ಅದನ್ನೇ ಅಜ್ಜಾರು ಬರೆದಿಟ್ಟಿದ್ದರು.

ಹೋದ ವರ್ಷ ಚನ್ನವೀರ ಅದನ್ನೆಲ್ಲ ಹೊಸ ಪುಸ್ತಕಕ್ಕೆ ಅಂದವಾಗಿ ಇಳಿಸಿದ್ದ. ಇಳಿಸುವಾಗ 'ಬಂದ ಕಾರಣ'ದ ಕೆಳಗೆ ಎಲ್ಲರಿಗೂ ಒಂದೇ ಪದ ಹಾಕಿದ್ದ: ವಾಗ್ದೋಷ. ಹಳೆಯದು ರದ್ದಿಗೆ ಹೋಯಿತೆಂದೇ ಅವನು ತಿಳಿದಿದ್ದ.

"ಗಟ್ಟ್ಯಾಗಿ ಓದು," ಎಂದರು ಅಜ್ಜಾರು.

ಓದಿದ.

"ಬಸ್ಸಿನಾಗ ನಮ್ಮೂರ ಹೆಸರು ಹೇಳಾಕ ಬರಲಿಲ್ಲ. ಬಾಯಿಗೆ ಬಂದ ಬ್ಯಾರೆ ಊರಿಗೆ ಟಿಕೀಟ್ ತಗೊಂಡು, ಅಲ್ಲಿಂದ ನಡಕೋಂತ ಮನಿಗೆ ಹೋದೆ."

"ಕನ್ಯಾ ನೋಡಾಕ ಹೋದಾಗ ನನ್ನ ಹೆಸರು ಹೇಳಾಕ ಆಗಲಿಲ್ಲ. ನಮ್ಮಣ್ಣ ಹೇಳಿದ."

"ಫೋನ್ ಬಂದ್ರ ಹಲೋ ಅನ್ನಾಕ ಆಗೂದಿಲ್ಲ. ಕಟ್ ಮಾಡ್ತೀನಿ."

ಪುಟ ತಿರುವಿದ. ದನಿ ನಿಂತಿತು.

"ಯಾಕ ನಿಂತಿ? ಓದು."

"ಚನ್ನವೀರ," ಎಂದು ಓದಿದ. "ಸಾಲ್ಯಾಗ ಹಾಜರಿ ಕರದಾಗ ಎಸ್ ಸರ್ ಅನ್ನಾಕ ಬರೂದಿಲ್ಲ. ದಿನಾ ಸಾಲಿಗೆ ಹೋದ್ರೂ ವರ್ಷಪೂರ್ತಿ ಗೈರುಹಾಜರಿ."

ಅವನು ಕಣ್ಣು ಒರೆಸಿಕೊಂಡ.

"ಆವತ್ತು ನೀ ವಾಗ್ದೋಷ ಐತಿ ಅಂತ ಬಂದಿದ್ದೇನು?"

"ಇಲ್ರಿ."

"ದಿವ್ಯ ಪಥ ಹುಡುಕ್ಕೋಂತ ಬಂದಿದ್ದಿ?"

ಅಳುವಿನ ನಡುವೆ ಚನ್ನವೀರನಿಗೆ ನಗು ಉಕ್ಕಿತು. "ಹಾಜರಿ ಹೇಳೂದು ಕಲಿಯಾಕ ಬಂದಿದ್ದೆರಿ, ಅಜ್ಜಾರ."

ಅಂದೇ ದಿವ್ಯ ಪಥವನ್ನು ಅಳಿಸಿ ಹಾಕಿದ. ಹೆಸರು, ಊರು ಬಿಟ್ಟು, ಪುಸ್ತಕದ ಒಂದೊಂದು ಮಾತಿಗೂ ಒಂದೊಂದು ಪುಟ ಮಾಡಿದ. ಮೇಲೆ ಅವರು ಆಡಿದ ಮಾತು ಇದ್ದ ಹಾಗೆಯೇ. ಕೆಳಗೆ, ಅಂಥವರಿಗೆ ಅಜ್ಜಾರು ಮೊದಲ ದಿನ ಏನು ಹೇಳಿಕೊಡುತ್ತಾರೆ ಎಂಬುದು. ತನ್ನ ಹಾಜರಿಯ ಮಾತನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದ.

ಮೊದಲು ದಿನಕ್ಕೆ ಮೂವರು ನೋಡಿದರು. ವಾರದೊಳಗೆ ಮೂವತ್ತಾಯಿತು. ಬಸ್ಸಿನ ಪುಟ ನೋಡಿದವರೇ ಹೆಚ್ಚು.

ಆದರೆ ಫೋನು ಬರಲಿಲ್ಲ. ಹಲೋ ಅನ್ನಲಾಗದವರು ಫೋನು ಮಾಡುವುದಾದರೂ ಹೇಗೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಹಗಲೆಲ್ಲ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಒದ್ದಾಡಿದ.

ಹುಣ್ಣಿಮೆಯ ಹಿಂದಿನ ದಿನ, ಹತ್ತು ಗಂಟೆಯ ಬಸ್ಸು ಹೋದ ಮೇಲೆ, ಬಾಗಿಲಲ್ಲಿ ಹೆಂಗಸೊಬ್ಬರು ಬಂದು ನಿಂತರು. ನಲವತ್ತರ ಆಸುಪಾಸು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೀಟಿ. ಅವರು ಏನೂ ಹೇಳದೆ ಫೋನನ್ನು ಮುಂದೆ ಹಿಡಿದರು.

ಹುಡುಕಲು ಅವರು ಬರೆದ ಸಾಲು ಅದರಲ್ಲಿ ಇನ್ನೂ ಇತ್ತು: 'ಫೋನ್ ಬಂದ್ರ ಹಲೋ ಅನ್ನಾಕ ಆಗೂದಿಲ್ಲ ಏನ್ ಮಾಡಬೇಕು.' ಅದರ ಕೆಳಗೆ ಮೊದಲನೆಯದೇ ಆಶ್ರಮದ ಪುಟ.

ಚನ್ನವೀರನಿಗೆ ಹೋದ ಜೀವ ಬಂದಂತಾಯಿತು. ಓಡಿ ಹೋಗಿ ಚಾಪೆ ಹಾಸಿದ, ನೀರು ತಂದ, ಅರ್ಧ ನೀರನ್ನು ಚಾಪೆಗೇ ಚೆಲ್ಲಿದ.

"ಪಾಠ ನಿಲ್ಲೂದಿಲ್ಲಲ್ರಿ ಅಜ್ಜಾರ?"

"ಮಂದಿ ಬಂದ ಮ್ಯಾಲ ಹೆಂಗ ನಿಲ್ಲತೈತಿ?" ಎಂದರು ಅಜ್ಜಾರು. ಅವರೂ ನೆಮ್ಮದಿಯ ಉಸಿರು ಬಿಟ್ಟದ್ದು ಚನ್ನವೀರನಿಗೆ ಕೇಳಿಸಿತು.

ಅವನು ಹಳೆಯ ಪುಸ್ತಕ ಬಿಚ್ಚಿ ಕುಳಿತ. "ನಿಮ್ಮ ಹೆಸರೇನ್ರಿ, ಅಕ್ಕಾರ?"

"ದ... ದ..." ಅವರ ಕುತ್ತಿಗೆಯ ನರ ಬಿಗಿಯಿತು. ಬಾಯಿ ತೆರೆದೇ ಉಳಿಯಿತು. ಕೊನೆಗೆ ಸೋತು ಚೀಟಿಯನ್ನು ಚಾಚಿದರು. 'ದಾಕ್ಷಾಯಣಿ' ಎಂದು ಅದರಲ್ಲಿ ಮನೆಯಿಂದಲೇ ಬರೆದು ತಂದಿದ್ದರು.

ಪಾಪ ಎನ್ನಿಸಿ, ಚನ್ನವೀರ ಅದನ್ನು ಓದಿ ಹೇಳಲು ಬಾಯಿ ತೆರೆದ.

ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟರು.

"ತಡಿಯಪ್ಪ. ಅವರ ಹೆಸರು ಅವರೇ ಹೇಳ್ಲಿ. ನಮಗೀಗ ಬೇಕಾದಷ್ಟು ಹೊತ್ತೈತಿ."